ಕ್ವಾರಿಯ ಪುಸ್ತಕದಲ್ಲಿ ನನ್ನ ತಮ್ಮನಿಗೆ ರಜೆ

ಹೋದ ವರ್ಷ ಶ್ರಾವಣದ ಕೊನೆಯ ವಾರ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿರುವ ನನ್ನ ಪಾತ್ರೆ ಅಂಗಡಿಗೆ ಬೀಗ ಹಾಕಿ, ತಮ್ಮ ಮಹದೇವನನ್ನು ಕರೆದುಕೊಂಡು ಡಾಕ್ಟರ್ ಶೈಲಜಾ ಅವರ ಆಸ್ಪತ್ರೆಗೆ ಹೋದೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಾ ಗುಬ್ಬಿ, ಕುಣಿಗಲ್ ಬೀದಿಗಳನ್ನೆಲ್ಲ ತಲೆಹೊರೆಯಲ್ಲೇ ಸುತ್ತಿ ಅಂಗಡಿ ಇಟ್ಟವಳು ನಾನು. ಚೌಕಾಸಿ ಹೊಸದಲ್ಲ. ಆದರೆ ಅವತ್ತಿನ ಚೌಕಾಸಿ ತಮ್ಮನ ತಲೆಗಾಗಿ.

ಮಹದೇವ ಕೊತ್ತಗೆರೆ ಕಡೆಯ ಕಲ್ಲು ಕ್ವಾರಿಯಲ್ಲಿ ಡ್ರಿಲ್ಲಿಂಗ್ ಮಾಡುತ್ತಿದ್ದ. ಒಂದು ದಿನ ಎಲ್ಲರೂ ದೂರ ಸರಿಯುವ ಮೊದಲೇ ಸಿಡಿಮದ್ದು ಸಿಡಿಯಿತು. ಒಂದು ತೊಟ್ಟು ರಕ್ತ ಬರಲಿಲ್ಲ. ಆಮೇಲೆ ಕಿವಿಯಲ್ಲಿ ಗುಂಯ್ ಸದ್ದು, ಬಿಡದ ತಲೆನೋವು. ಹೇಳಿದ್ದು ಐದು ನಿಮಿಷ ನೆನಪಿರುತ್ತಿರಲಿಲ್ಲ. ಜನ ಕುಡಿತ ಅಂದರು. ಅವನು ಕುಡಿದವನೇ ಅಲ್ಲ. ಗಾಯವಿಲ್ಲದಿದ್ದರೂ ಸಿಡಿತದ ಹೊಡೆತಕ್ಕೆ ಮೆದುಳು ಜಖಂ ಆಗುತ್ತದೆ ಎಂದು ಮೊದಲು ಹೇಳಿದವರು ಇದರ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದ ಶೈಲಜಾ. ಅವರ ಚಿಕಿತ್ಸೆಯಲ್ಲಿ ಅವನು ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಸಂಶೋಧನೆಯ ದುಡ್ಡೇ ನಿಲ್ಲುತ್ತದೆ ಎಂಬ ಸುದ್ದಿ ಬಂತು.

“ಈಗ ದುಡ್ಡೆಲ್ಲ ಸೈನಿಕರ ಕಡೆ, ರಸ್ತೆ ಅಪಘಾತದ ಕಡೆ ಹೋಗ್ತಿದೆ ರತ್ನಮ್ಮ. ಕ್ವಾರಿಯವ್ರು ಅಂದ್ರೆ ದಾಖಲೆ ಎಲ್ಲಿ ಅಂತಾರೆ. ಕೊನೇ ಸಲ ನೋಡೋಕೆ ದುಡ್ಡು ಮಂಜೂರು ಮಾಡೋ ಕಮಿಟಿಯವ್ರು ಇಲ್ಲಿಗೇ ಬರ್ತಿದಾರೆ,” ಅಂದರು ಡಾಕ್ಟರ್.

“ನೀವು ಎಷ್ಟು ವರ್ಷಕ್ಕೆ ದುಡ್ಡು ಕೇಳಿದೀರಿ?”

“ಒಂದು ವರ್ಷಕ್ಕೆ.”

“ಮೊದಲ ಮಾತಿಗೇ ಕೊನೇ ರೇಟು ಹೇಳ್ಬುಟ್ರಾ ಮೇಡಂ? ಮೂರು ಅಂತ ಬರೀರಿ.”

ಅವರು ನಕ್ಕರು. ಆದರೆ ತಿದ್ದಿ ಬರೆದರು.

ದಾಖಲೆ ಹುಡುಕಿಕೊಂಡು ನಾನು ಕ್ವಾರಿಗೆ ಹೋದೆ. ಮೇಸ್ತ್ರಿ ಹಾಜರಿ ಪುಸ್ತಕವನ್ನು ಖುಷಿಯಿಂದಲೇ ತೆರೆದ. ಸಿಡಿತವಾದ ದಿನ ಮಹದೇವನೂ ಸೇರಿ ಏಳು ಜನರ ಹೆಸರಿನ ಮುಂದೆ ‘ರಜೆ’ ಎಂದಿತ್ತು.

“ರಕ್ತ ಬಂದಿರ್ಲಿಲ್ಲ ಕಣವ್ವ. ತಲೆ ಗಿರ್ ಅಂತೈತೆ ಅಂದ್ರು. ರಜೆ ಹಾಕಿ, ಪೂರ್ತಿ ಕೂಲಿ ಕೊಟ್ಟು ಕಳಿಸ್ದೆ. ನಮ್ಮಪ್ಪ ಮೇಸ್ತ್ರಿ ಆಗಿದ್ದಾಗ್ಲಿಂದ್ಲೂ ಹಿಂಗೇಯ.”

ಅವನು ಅದನ್ನು ಉಪಕಾರ ಅಂದುಕೊಂಡಿದ್ದ, ನಿಜವಾಗಿ ಉಪಕಾರವೇ. ಆದರೆ ಅದೇ ಉಪಕಾರ ಇಷ್ಟು ವರ್ಷ ಎಲ್ಲರ ಪೆಟ್ಟನ್ನೂ ಕಾಗದದ ಮೇಲಿಂದ ಅಳಿಸಿಹಾಕಿತ್ತು. ಅವನನ್ನೇ ಕೇಳಿ, ಪುಟಗಳ ಫೋಟೊ ತೆಗೆದುಕೊಂಡೆ.

ಕಮಿಟಿಯವರು ಮೂವರಿದ್ದರು. ಅವರಲ್ಲಿ ಹಿರಿಯರು ಮಹದೇವನನ್ನು ಕೇಳಿದರು, “ಅವತ್ತು ಏನಾಯ್ತಪ್ಪ?”

ಅವನು ಹಣೆ ಉಜ್ಜಿಕೊಂಡ. “ನೆನಪಿಲ್ಲ ಸಾರ್. ಮೇಸ್ತ್ರಿ ರಜೆ ಅಂತ ಬರ್ದವ್ನೆ.”

ನಾನು ಫೋನಿನಲ್ಲಿದ್ದ ಪುಟಗಳನ್ನು ಒಂದೊಂದಾಗಿ ತೋರಿಸಿದೆ. “ಸಾರ್, ಸೈನಿಕರಿಗೆ ಕೊಡೋದ್ರಲ್ಲಿ ಒಂದು ಪೈಸೆ ಕಡಿಮೆ ಮಾಡಿ ಅನ್ನಲ್ಲ. ಅಲ್ಲಿ ಬಾಂಬ್ ಸಿಡಿದ್ರೆ ಬರ್ಕೊಳ್ಳೋಕೆ ಡಾಕ್ಟ್ರು ಇರ್ತಾರೆ. ಇಲ್ಲಿ ಬರೆಯೋನು ಮೇಸ್ತ್ರಿ, ಸಿಡಿದ ದಿನ ಪೆಟ್ಟು ಬಿದ್ದೋರಿಗೆಲ್ಲ ರಜೆ ಅಂತ ಬರೀತಾನೆ. ದಾಖಲೆ ಇಲ್ಲ ಅಂತ ದುಡ್ಡು ಕೊಡಲ್ಲ, ದುಡ್ಡಿಲ್ದೆ ದಾಖಲೆ ಮಾಡೋರು ಯಾರು? ಮೂರು ವರ್ಷ ಕೊಡಿ.”

ಅಷ್ಟು ಹೇಳಿ ಬಾಯಿ ಮುಚ್ಚಿದೆ. ವ್ಯಾಪಾರ ಮಾಡುವವರಿಗೆ ನನ್ನದೊಂದು ಕಿವಿಮಾತು: ರೇಟು ಹೇಳಿದ ಮೇಲೆ ಮೊದಲು ಮಾತಾಡಿದವರೇ ಇಳಿಯಬೇಕಾಗುತ್ತದೆ. ಡಾಕ್ಟರ್ ಏನೋ ಹೇಳಲು ಹೊರಟಾಗ ಮೇಜಿನ ಕೆಳಗೆ ಅವರ ಕೈ ಒತ್ತಿದೆ. ಕೊನೆಗೆ ಹಿರಿಯರೇ ಮಾತಾಡಿದರು: “ಆ ಫೋಟೊ ನಮಗೆ ಕಳಿಸ್ತೀರಾ?”

ಮೂರು ವಾರದ ನಂತರ ಡಾಕ್ಟರ್ ಫೋನ್ ಮಾಡಿದರು. ಎರಡು ವರ್ಷಕ್ಕೆ ಮಂಜೂರಾಗಿತ್ತು. ಕ್ವಾರಿ ಕೆಲಸಗಾರರು ಎಂದೇ ಕಾಗದದಲ್ಲಿ ಬರೆದಿತ್ತು. ಉಳಿದ ಆರು ಜನರನ್ನೂ ಕರೆಸಿ ಎಂದರು. ಈಗ ಮೇಸ್ತ್ರಿಯೇ ಪೆಟ್ಟಾದವರನ್ನು ಆಸ್ಪತ್ರೆಗೆ ಕರೆತರುತ್ತಾನೆ. ನೀವೂ ಅಷ್ಟೇ, ರಕ್ತ ಬರಲಿಲ್ಲ ಅಂತ ಸುಮ್ಮನೆ ಮನೆಗೆ ಹೋಗಬೇಡಿ, ಆದದ್ದನ್ನು ಬರೆಸಿ.

ಅವತ್ತು ಡಾಕ್ಟರ ಫೋನ್ ಇಟ್ಟವಳೇ ಮಹದೇವನಿಗೆ ಹೇಳಿದೆ: “ಎರಡು ವರ್ಷ ಕೊಟ್ಟವ್ರೆ ಕಣೋ.”

ಪಾತ್ರೆ ಒರೆಸುತ್ತಿದ್ದವನು ತಲೆ ಎತ್ತಿದ. “ಮೂರು ಕೇಳಿದ್ದಲ್ಲಕ್ಕ. ಒಂದು ಯಾಕ್ ಬುಟ್ಟೆ?”

ಐದು ನಿಮಿಷದ ಹಿಂದಿನ ಮಾತು ಮರೆಯುತ್ತಿದ್ದವನು ಮೂರು ವಾರದ ಹಿಂದಿನದನ್ನು ಹಿಡಿದುಕೊಂಡು ಕೇಳುತ್ತಿದ್ದ. ಚೌಕಾಸಿಯಲ್ಲಿ ಸೋತೆ ಅನ್ನಿಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.