ಗೌರಿಹಬ್ಬ ಕಳೆಯಲಿ

ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ನನ್ನ ಎಡಗೈ ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಮಣಿಕಟ್ಟಿಗಿಂತ ಮೇಲಕ್ಕೇ ಕತ್ತರಿಸಿ ತೆಗೆದರು. ನೋಡಲು ಬಂದವರೆಲ್ಲ ಅತ್ತರು. ನನಗೆ ಅಳು ಬರಲಿಲ್ಲ. ಅವರನ್ನೇ ಸಮಾಧಾನ ಮಾಡಿ, ಕಾಫಿ ಕೊಡಿಸಿ ಕಳಿಸುತ್ತಿದ್ದೆ. ಇದೊಳ್ಳೆ ಕಥೆ.

ನನ್ನ ಗಂಡ ಪಾಂಡವಪುರಕ್ಕೆ ಹೋಗಿ ಒಬ್ಬ ವಕೀಲರನ್ನು ಕಂಡು ಬಂದರು. "ಪರಿಹಾರಕ್ಕೆ ಕೇಸ್ ಆಕ್ಬೋದಂತೆ. ಆಲೆಮನೆಯವ್ರಿಗೆ ನೋಟೀಸ್ ಓಯ್ತದೆ. ನೀನು ಬಂದು ಸೈನ್ ಆಕುದ್ರೆ ಸಾಕು," ಅಂದರು.

ಆಲೆಮನೆಯ ಮಾಲೀಕರು ಬರೀ ಮಾಲೀಕರಾಗಿದ್ದರೆ ಅಂದೇ ಸೈನ್ ಹಾಕಿರುತ್ತಿದ್ದೆ. ಒಡಹುಟ್ಟಿದವರಿಲ್ಲದ ನನ್ನನ್ನು ಅವರು ತಂಗಿ ಎಂದು ಕರೆದು, ಪ್ರತಿ ಗೌರಿಹಬ್ಬಕ್ಕೂ ತವರಿನ ಬಾಗಿನ ಕಳಿಸುತ್ತಿದ್ದರು. ಮೊರದಲ್ಲಿ ಅಕ್ಕಿ, ಬೆಲ್ಲ, ರವಿಕೆ ಕಣ, ಎರಡೂ ಕೈಗೆ ಹಸಿರು ಬಳೆ. ನನಗೂ ಒಂದು ತವರುಂಟು ಎಂದು ನಾನು ಬೀಗಿದ್ದು ಆ ಮೊರದಿಂದಲೇ. ಆಸ್ಪತ್ರೆಯ ಖರ್ಚನ್ನೂ ಅಣ್ಣನೇ ಕೊಟ್ಟರು. ಆದರೆ ಊರಲ್ಲಿ ಹೇಳಿಕೊಂಡು ತಿರುಗಿದ್ದು ಬೇರೆ: "ಏನಿಲ್ಲ ಕಣ್ರಪ್ಪ, ಕೈಗೆ ವಸಿ ಏಟಾಗದೆ. ಸುಗ್ಗಿ ಒತ್ಗೆ ಕೆಲ್ಸಕ್ಕೆ ಬತ್ತಾಳೆ."

"ಗೌರಿಹಬ್ಬ ಕಳೀಲಿ ಬುಡಿ," ಎಂದೆ ಗಂಡನಿಗೆ.

"ಮುದ್ದೆ ಕಟ್ಟಾಕೂ ಕೈಯಿಲ್ಲ. ನಾಳೆ ದುಡಿಯೋದೆಂಗೆ? ಬಾಗಿನ ಇಟ್ಕಂಡು ಉಣ್ತೀಯಾ?"

ಅವರು ಹೇಳಿದ್ದು ಸರಿಯಾಗಿತ್ತು. ಆದರೂ ನನಗೆ ಅಣ್ಣನ ಮೇಲೆ ಸಿಟ್ಟು ಬರಲಿಲ್ಲ, ಪರಿಹಾರದ ಮೇಲೆ ಆಸೆಯೂ ಹುಟ್ಟಲಿಲ್ಲ.

ಪ್ರತಿಸಲ ಆಳಿನ ಕೈಲಿ ಬಾಗಿನ ಕಳಿಸುತ್ತಿದ್ದ ಅಣ್ಣ ಈ ಸಲ ಹಬ್ಬಕ್ಕೆ ತಾವೇ ಮೊರ ಹಿಡಿದು ಬಂದರು. "ನಾನಿರೋಗಂಟ ನಿಂಗೆ ತವ್ರು ಅದೆ ಕಣವ್ವ. ಯಾರೋ ಏಳುದ್ರು ಅಂತ ಕೋರ್ಟು ಗೀರ್ಟು ಅನ್ಬ್ಯಾಡ," ಅಂದರು. ಒಂದೇ ಕೈಲಿ ಸೆರಗೊಡ್ಡಲು ನನಗೆ ಆಗಲಿಲ್ಲ. ಅವರು ಮೊರವನ್ನು ನೆಲದ ಮೇಲಿಟ್ಟರು. ನಮಸ್ಕಾರ ಮಾಡಿ, ಕಾಫಿ ಕೊಟ್ಟು ಕಳಿಸಿದೆ.

ಅವರು ಹೋದ ಮೇಲೆ ಮೊರ ತೆರೆದೆವು. ಅಕ್ಕಿ, ಬೆಲ್ಲ, ಕಣ ಎಲ್ಲ ಇತ್ತು. ಗಂಡನೇ ನನ್ನ ಬಲಗೈಗೆ ಬಳೆ ತೊಡಿಸಿದರು. ಬಳೆ ಮುಗಿದುಹೋಯಿತು. ಅಕ್ಕಿಯೊಳಗೆ ಬಿದ್ದಿರಬಹುದೆಂದು ಮೊರವನ್ನೆಲ್ಲ ಕೆದಕಿದೆ. ಇರಲಿಲ್ಲ.

ಒಂದು ಕೈಗಾಗುವಷ್ಟೇ ತಂದಿದ್ದರು. ಊರಿಗೆಲ್ಲ ವಸಿ ಏಟು ಎಂದವರಿಗೆ ಬಳೆ ಅಂಗಡಿಯಲ್ಲಿ ಸರಿಯಾದ ಲೆಕ್ಕ ಗೊತ್ತಿತ್ತು.

ಆಗ ಅಳು ಬಂತು. ಕೈ ಹೋದಂದಿನಿಂದ ಅದೇ ಮೊದಲು. ಬಲಗೈಯಲ್ಲಿ ಕಣ್ಣೊರೆಸಿಕೊಂಡಾಗ ಹೊಸ ಬಳೆಗಳು ಸದ್ದು ಮಾಡಿದವು.

"ಪಾಂಡವಪುರಕ್ಕೆ ಬೆಳಗ್ಗೆ ಬಸ್ಸು ಎಷ್ಟೊತ್ಗದೆ?" ಎಂದು ಗಂಡನನ್ನು ಕೇಳಿದೆ.