ಕರೆಂಟಿಲ್ಲದ ಟೀವಿಯಲ್ಲಿ ಅತ್ತೆ ಕಂಡ ಊರು

ಮೈಮೇಲೆ ದೇವರು ಬಂತು, ಕನಸಿನಲ್ಲಿ ಕಂಡದ್ದು ನಿಜವಾಯಿತು ಎಂದು ಯಾರಾದರೂ ಶುರುಮಾಡಿದರೆ ಕಾಫಿ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋಗುವವಳು ನಾನು. ಚೆನ್ನೈನ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ನನ್ನ ಕೆಲಸವೇ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು. ಎಂಥ ವಿಚಿತ್ರದ ಹಿಂದೆಯೂ ಒಂದು ಸಾದಾ ಕಾರಣ ಇದ್ದೇ ಇರುತ್ತದೆ, ಸಿಕ್ಕಲಿಲ್ಲವೆಂದರೆ ನಾವು ಹುಡುಕಿದ್ದು ಸಾಲದು ಎಂದು ತಿಳಿದವಳು. ಅಂಥ ನಾನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ಓದುತ್ತಾ ನೀವೂ ಕಾಫಿ ಮಾಡಲು ಎದ್ದು ಹೋದರೆ ನನಗೆ ಬೇಜಾರಿಲ್ಲ.

ನಮ್ಮ ಮನೆ ಅದೇ ಊರಿನ ಇನ್ನೊಂದು ತುದಿಯ ತಿರುವೊಟ್ಟಿಯೂರಿನಲ್ಲಿ. ಗಂಡನಿಗೆ ಎಣ್ಣೂರಿನ ಕಡೆ ಕರೆಂಟು ತಯಾರಿಸುವ ಸ್ಥಾವರವೊಂದರಲ್ಲಿ ಪಾಳಿ ಕೆಲಸ. ನಾನು ವಾರಕ್ಕೊಮ್ಮೆ ಊರಿನ ಆ ತುದಿಯ ಆಫೀಸಿಗೆ ಹೋಗಿಬಂದು ಉಳಿದ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಗಂಡನ ತಾಯಿ, ಅಂದರೆ ನಮ್ಮತ್ತೆ, ಮಂಡ್ಯದ ಕಡೆಯವರು, ನಮ್ಮ ಜೊತೆಗೇ ಇದ್ದಾರೆ. ಟೀವಿಗೆ ವಿಡಿಯೋ ಗೇಮಿನ ಪೆಟ್ಟಿಗೆ ತಂದು ಜೋಡಿಸಿದವನು ಗಂಡ. ಅವನಿಗೆ ಆಡಲು ಪುರುಸೊತ್ತಾಗಲಿಲ್ಲ, ಚಟ ಹತ್ತಿದ್ದು ನನಗೆ. ಅದರಲ್ಲೂ ಒಂದು ಸರಣಿ. ವರ್ಷಗಳಿಂದ ಒಂದರ ಹಿಂದೊಂದು ಬರುತ್ತಲೇ ಇರುವ ಆ ಗೇಮುಗಳಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ಕಾಲ, ಒಂದೊಂದು ದೇಶ. ಹಳೆಯ ರೋಮ್, ಅಥೆನ್ಸ್, ಈಜಿಪ್ಟ್. ನಾಯಕನನ್ನು ಬೀದಿಬೀದಿ ಓಡಿಸಬಹುದು, ಗೋಪುರ ಹತ್ತಿಸಬಹುದು, ಮೇಲಿಂದ ಇಡೀ ಊರು ನೋಡಬಹುದು. ಮೊದಲ ಭಾಗದಿಂದ ಕೊನೆಯದರವರೆಗೂ ಆಡಿ ಮುಗಿಸುತ್ತೇನೆಂದು ಹಟ ಹಿಡಿದಿದ್ದೆ.

ಮಾಡಿನಿಂದ ಮಾಡಿಗೆ ಹಾರುತ್ತಿದ್ದ ಆ ನಾಯಕನನ್ನು ಕಂಡು, ಯಾರ ಮನೆ ಹುಡುಗ ಇವನು, ಬಿದ್ದರೆ ಗತಿಯೇನು ಎಂದು ಕೇಳಲು ಅಡುಗೆಮನೆಯಿಂದ ಬಂದ ಅತ್ತೆ ಹಾಗೇ ನನ್ನ ಪಕ್ಕ ಕೂತುಬಿಟ್ಟರು. ಅವನಿಗೆ ಪುಟ್ಟಸ್ವಾಮಿ ಎಂದು ಹೆಸರಿಟ್ಟರು. ರೋಮಿನವನೂ ಪುಟ್ಟಸ್ವಾಮಿ, ಈಜಿಪ್ಟಿನವನೂ ಪುಟ್ಟಸ್ವಾಮಿ. ಆಟಕ್ಕೆ ಅವರದೇ ಕಟ್ಟಳೆಗಳು. ಕುದುರೆ ಹತ್ತಬಾರದು, ಹತ್ತಿದರೆ ಅಂಗಡಿಗಳು ಸರಿಯಾಗಿ ಕಾಣುವುದಿಲ್ಲ. ಆಟ ನಿಲ್ಲಿಸುವ ಮುಂಚೆ ಅವನನ್ನು ನೆರಳಿಗೆ ಕರೆತಂದು ನಿಲ್ಲಿಸಬೇಕು. ಎಲ್ಲಕ್ಕಿಂತ ಕಷ್ಟದ್ದು, ಕಾವಲುಗಾರರನ್ನು ಕೊಲ್ಲಬಾರದು. "ಅವ್ನೂ ಸಂಬಳಕ್ ನಿಂತಿರೋನು ಕಣವ್ವ, ಸುತ್ತಾಕ್ಕೊಂಡ್ ಹೋಗು" ಎನ್ನುವರು. ಕತ್ತಿ ಹಿಡಿದು ನುಗ್ಗಲೆಂದೇ ಮಾಡಿದ ಆಟವನ್ನು ನಾನು ಕಳ್ಳಬೆಕ್ಕಿನ ಹಾಗೆ ಗೋಡೆ ಸವರಿಕೊಂಡು ಆಡಿ ಮುಗಿಸಿದ್ದೇನೆ. ನಿಜ ಹೇಳಬೇಕೆಂದರೆ ಅಷ್ಟು ಖುಷಿಯಿಂದ ನಾನು ಬೇರೆ ಯಾರ ಜೊತೆಯೂ ಆಡಿಲ್ಲ.

ಅತ್ತೆಯ ಕಣ್ಣು ಹೋಗುತ್ತಿದೆಯೆಂದು ಗೊತ್ತಾದದ್ದು ಹೀಗೆ ಕೂತಿದ್ದಾಗಲೇ. ಟೀವಿಯ ಅಂಚಿನಲ್ಲಿ ನಡೆಯುತ್ತಿದ್ದವರು ಅವರಿಗೆ ಕಾಣುತ್ತಿರಲಿಲ್ಲ. ಒಳಗಿನ ನರ ಸೋಲುತ್ತಿದೆ, ನೋಟ ಸುತ್ತಲಿಂದ ಕಿರಿದಾಗುತ್ತಾ ಬರುತ್ತದೆ, ಹೋದದ್ದನ್ನು ತರಲಾಗುವುದಿಲ್ಲ, ಇರುವುದನ್ನು ಆದಷ್ಟು ದಿನ ಕಾಪಾಡಿಕೊಳ್ಳಬಹುದು ಎಂದರು ಡಾಕ್ಟರು. ಮನೆಗೆ ಬಂದು ಗಂಡ, ಕಾಶಿಗೆ ಹೋಗಿಬರೋಣವಾ ಎಂದು ಕೇಳಿದ. ಮಂಡಿನೋವಿನ ಅತ್ತೆಗೆ ರೈಲು, ಮೆಟ್ಟಿಲು ಎಂದರೆ ಆಗದು. ಬೇಡ, ಇವಳು ತೋರಿಸುತ್ತಿರುವ ಊರುಗಳನ್ನೇ ಎಲ್ಲ ನೋಡಿಬಿಡುತ್ತೇನೆ ಎಂದರು. ಅಲ್ಲಿಂದ ನನ್ನ ಆಟ ಆಟವಾಗಿ ಉಳಿಯಲಿಲ್ಲ. ಆಫೀಸಿನ ಕೆಲಸ ಮುಗಿದ ಕೂಡಲೇ ಟೀವಿ ಹಾಕುತ್ತಿದ್ದೆ. ಅವರು ಕುರ್ಚಿಯನ್ನು ಟೀವಿಯ ಹತ್ತಿರ ಹತ್ತಿರಕ್ಕೆ ಎಳೆದುಕೊಳ್ಳುತ್ತಾ ಬಂದರು. ಗಡಿಬಿಡಿಯಲ್ಲಿ ನಾನು ಬೀದಿಗಳನ್ನು ಓಡಿ ದಾಟಿದರೆ, ನಿಧಾನ, ನಿಧಾನ ಎನ್ನುವರು.

ಆದರೂ ನಾವು ಗೆಲ್ಲಲಿಲ್ಲ. ಸರಣಿಯ ಕೊನೆಯ ಭಾಗ ಸಮರ್‌ಖಂಡ್ ಎಂಬ ಊರಿನದು. ಅದನ್ನು ಕೊಳ್ಳುವ ಮೊದಲೇ ಅತ್ತೆಗೆ ಬೆಳಕು ಕತ್ತಲೆಯ ವ್ಯತ್ಯಾಸವೂ ತಿಳಿಯದಾಯಿತು. ಅವರು ಅತ್ತಿದ್ದನ್ನು ನಾನು ನೋಡಲಿಲ್ಲ. ಒಂದೂರು ಉಳಿದುಹೋಯಿತಲ್ಲ ಎಂದು ಮಾತ್ರ ಒಂದು ಸಲ ಅಂದರು. ನನಗೆ ಆ ಮಾತು ತಡೆಯಲಾಗದೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಆ ವರ್ಷದ ಕೊನೆಯಲ್ಲಿ, ಇಲ್ಲಿನ ಮಳೆಗಾಲಕ್ಕೆ, ಚಂಡಮಾರುತ ಬಂತು. ಮಧ್ಯಾಹ್ನವೇ ಕರೆಂಟು ಹೋಯಿತು. ಊರಿಗೆಲ್ಲ ಕರೆಂಟು ತಯಾರಿಸುವ ನನ್ನ ಗಂಡ ಸ್ಥಾವರದಲ್ಲೇ ಸಿಕ್ಕಿಹಾಕಿಕೊಂಡಿದ್ದ, ಫೋನು ಸಿಗುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಗಾಳಿಯ ಸದ್ದಿಗೆ ಹೆದರಿ ನಾನು ಕಿಟಕಿಯ ಚಿಲಕಗಳನ್ನು ಮತ್ತೆ ಮತ್ತೆ ನೋಡಿಬರತೊಡಗಿದೆ. ಹಚ್ಚಿದ ಮೇಣದಬತ್ತಿ ನಿಲ್ಲುತ್ತಿರಲಿಲ್ಲ. ಅತ್ತೆ ಮಾತ್ರ ಎಂದಿನ ಕುರ್ಚಿಯಲ್ಲಿ ಕೂತಿದ್ದರು. ನನ್ನ ಕೈ ತಡವಿ ನೋಡಿ, ತಣ್ಣಗಿದೆಯೆಂದು ಉಜ್ಜಿ, ಆಮೇಲೆ ಹೇಳಿದರು:

"ಹ್ಯಾಂಡ್ಲು ತಗೋ. ಇವತ್ತು ನಾನ್ ನೋಡ್ಬುಟ್ ಹೇಳ್ತೀನಿ, ನೀನ್ ನಡ್ಸು."

ಗೇಮಿನ ರಿಮೋಟಿಗೆ ಅವರು ಹ್ಯಾಂಡ್ಲು ಎನ್ನುತ್ತಿದ್ದರು. ಕರೆಂಟಿಲ್ಲ ಅತ್ತೆ ಎಂದೆ. ಗೊತ್ತು, ನನಗೆ ಅದರಿಂದ ಏನಾಗಬೇಕು ಎಂದರು. ಮನಸ್ಸನ್ನು ಬೇರೆ ಕಡೆ ತಿರುಗಿಸಲು ನೋಡುತ್ತಿದ್ದಾರೆ ಎಂದುಕೊಂಡು, ಹೆದರಿದ ಮಗುವಿನ ಹಾಗೆ ಆ ಜೀವವಿಲ್ಲದ ರಿಮೋಟನ್ನು ಹಿಡಿದು ಕಪ್ಪು ಟೀವಿಯ ಮುಂದೆ ಕೂತೆ.

ಅವರು ಹೇಳುತ್ತಾ ಹೋದರು. ಪುಟ್ಟಸ್ವಾಮಿ ಸಂತೆ ದಾಟಿದ. ಮುಂದೆ ಬಟ್ಟೆಗೆ ಬಣ್ಣ ಹಾಕುವವರ ಓಣಿ, ತಲೆಯ ಮೇಲೆಲ್ಲ ಹಳದಿ ಬಟ್ಟೆ ಒಣಹಾಕಿದ್ದಾರೆ. ನಾನು ಸುಮ್ಮನೆ ಹೂಂಗುಟ್ಟುತ್ತಾ ಗಾಳಿಗೆ ಕಿವಿಕೊಟ್ಟು ಕೂತಿದ್ದೆ, ಹೆಬ್ಬೆರಳು ಅದರ ಪಾಡಿಗೆ ಪುಟ್ಟಸ್ವಾಮಿಯನ್ನು ನಡೆಸುವ ರಿಮೋಟಿನ ಕಡ್ಡಿಯನ್ನು ಒತ್ತುತ್ತಿತ್ತು. ಇದ್ದಕ್ಕಿದ್ದಂತೆ ಅತ್ತೆ, "ಎಡಕ್ ಯಾಕ್ ಹೋದೆ? ನೆಟ್ಟಗ್ ಹೋಗು" ಎಂದರು. ಕೈ ನೋಡಿಕೊಂಡೆ. ಹೆಬ್ಬೆರಳು ಎಡಕ್ಕೇ ಒತ್ತಿತ್ತು. ಬೇಕೆಂದೇ ಬಲಕ್ಕೆ ಒತ್ತಿದೆ. ಅಲ್ಲಿ ಗೋಡೆ ಅದೆ ಎಂದರು. ಅಲ್ಲಿಂದ ಮುಂದೆ ನಾನು ಗಾಳಿಯ ಸದ್ದು ಕೇಳಿದ್ದು ನೆನಪಿಲ್ಲ.

ಓಣಿಯ ಕೊನೆಗೆ ಮುರಿದ ಮೆಟ್ಟಿಲು, ಬಗ್ಗಿ ಹೋಗಬೇಕಾದ ನೀಲಿ ಬಾಗಿಲು, ಒಳಗೆ ಅಂಗಳ, ಅಂಗಳದಲ್ಲಿ ದಾಳಿಂಬೆ ಗಿಡ, ಅದರ ಕೊಂಬೆಗೆ ಕಟ್ಟಿದ ತೊಟ್ಟಿಲು. ಅತ್ತೆ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ನೋಡಿದರು. "ತೊಟ್ಲಲ್ಲಿ ಮಗ ಇಲ್ಲ. ಬೆಕ್ಕು ಮನೀಕಂಡದೆ. ಒಂದ್ ಕಿವಿ ಹರ್ದೋಗದೆ ಪಾಪ" ಎಂದು ನಕ್ಕರು. ಅಷ್ಟರಲ್ಲಿ ಗಂಡನ ಫೋನು ಬಂತು, ಕ್ಷೇಮವಾಗಿದ್ದೇನೆ ಎಂದ. ಅತ್ತೆ ಮಗನ ಜೊತೆ ಮಾತಾಡಿ ದೇವರಿಗೆ ಕೈ ಮುಗಿದು ಮಲಗಿಬಿಟ್ಟರು. ಆ ದಿನದ ನೆನಪಾಗಿ ನನ್ನಲ್ಲಿ ಉಳಿದದ್ದು ಅವರು ನನ್ನ ಹೆದರಿಕೆ ಬಿಡಿಸಿದ ಪ್ರೀತಿ ಮಾತ್ರ. ಹೆಬ್ಬೆರಳಿನ ಸಂಗತಿಯನ್ನು ಕಾಕತಾಳೀಯವೆಂದು ಬದಿಗಿಟ್ಟೆ.

ಸಮರ್‌ಖಂಡಿನ ಗೇಮು ಮನೆಗೆ ಬಂದದ್ದು ಯುಗಾದಿಯ ಹೊತ್ತಿಗೆ. ಒಂದು ಶನಿವಾರ ಬೆಳಿಗ್ಗೆ ಆಡುತ್ತಿದ್ದೆ. ಅತ್ತೆ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು, ಕಂಡದ್ದನ್ನು ನಾನು ಹೇಳುತ್ತಿದ್ದೆ. ಕಾವಲುಗಾರರು ಅಟ್ಟಿಸಿಕೊಂಡು ಬಂದರು. ಕೊಲ್ಲುವಂತಿಲ್ಲವಲ್ಲ, ಸಿಕ್ಕಿದ ಸಂದಿಗೆ ನುಗ್ಗಿದೆ. ತಲೆಯ ಮೇಲೆ ಹಳದಿ ಬಟ್ಟೆಗಳು. ಮುರಿದ ಮೆಟ್ಟಿಲು. ನೀಲಿ ಬಾಗಿಲು. ಬಗ್ಗಿ ನುಗ್ಗಿದೆ. ಒಳಗೆ ದಾಳಿಂಬೆ ಗಿಡವಿತ್ತು, ತೊಟ್ಟಿಲಿತ್ತು. ಹತ್ತಿರ ಹೋಗಿ ಬಗ್ಗಿ ನೋಡಿದೆ. ಬೂದು ಬಣ್ಣದ ಬೆಕ್ಕೊಂದು ಸುರುಳಿ ಸುತ್ತಿ ಮಲಗಿತ್ತು, ಅದರ ಎಡಗಿವಿ ಹರಿದಿತ್ತು.

ಸಾದಾ ಕಾರಣಕ್ಕಾಗಿ ಹುಡುಕಿದ್ದೇನೆ, ಈಗಲೂ ಹುಡುಕುತ್ತೇನೆ. ನೀನೇ ಎಲ್ಲೋ ನೋಡಿ ಅಮ್ಮನಿಗೆ ಹೇಳಿರುತ್ತೀಯ ಎನ್ನುತ್ತಾನೆ ಗಂಡ. ಕತೆ ಮೊದಲೇ ತಿಳಿದುಬಿಡುತ್ತದೆಂದು ನಾನು ಆಡದ ಭಾಗದ ಒಂದು ಚಿತ್ರವನ್ನೂ ನೋಡುವವಳಲ್ಲ. ಆಮೇಲೆ ಬೇರೆಯವರು ಆಡಿದ ವಿಡಿಯೋಗಳನ್ನು ಸಿಕ್ಕಷ್ಟು ನೋಡಿದೆ. ಕತೆಯ ದಾರಿ ಆ ಓಣಿಗೆ ಹೋಗುವುದೇ ಇಲ್ಲ, ಯಾರೂ ಆ ಬಾಗಿಲಲ್ಲಿ ಬಗ್ಗಿದ್ದನ್ನು ನಾನು ಕಾಣಲಿಲ್ಲ. ತೊಟ್ಟಿಲು, ಬೆಕ್ಕು ಅತ್ತೆಯ ಊರಿನ ಯಾವುದೋ ಹಳೆಯ ನೆನಪಿರಬಹುದು ಎಂದುಕೊಂಡರೆ, ಅದು ಈ ಗೇಮಿನೊಳಗೆ ಹೇಗೆ ಬಂತು? ಆಫೀಸಿನಲ್ಲಿ ಇಂಥದ್ದಕ್ಕೆ ನಾವು ಕಾರಣ ತಿಳಿದಿಲ್ಲ ಎಂದು ಬರೆದು ಮುಂದೆ ಹೋಗುತ್ತೇವೆ. ಇಲ್ಲಿ ನನಗೆ ಮುಂದೆ ಹೋಗಲು ಆಗಿಲ್ಲ.

ಆವತ್ತು ಬೆಳಿಗ್ಗೆ ನನ್ನ ವರ್ಣನೆ ನಡುವೆಯೇ ನಿಂತದ್ದು ತಿಳಿದು, ಏನಾಯಿತು ಎಂದು ಅತ್ತೆ ಕೇಳಿದರು. ನೀವು ಹೇಳಿದ ಬೆಕ್ಕು ಇಲ್ಲಿದೆ ಅತ್ತೆ ಎಂದೆ.  ಅವರು ಹೂಂ ಎಂದು ಸೊಪ್ಪು ಬಿಡಿಸುತ್ತಲೇ ಇದ್ದರು. ಅಂಗಳದ ಆಚೆ ಬದಿಗೆ ಇನ್ನೊಂದು ಬಾಗಿಲು ಮುಚ್ಚಿತ್ತು. ಅದರ ಆಚೆ ಏನಿದೆ ಹೇಳಿ ನೋಡೋಣ ಎಂದು ಕೇಳಿದೆ. ಪರೀಕ್ಷೆ ಮಾಡುವ ಆಸೆಯೂ ಇತ್ತು, ಹೇಳಿಬಿಟ್ಟರೇನು ಗತಿ ಎಂಬ ಭಯವೂ ಇತ್ತು.

"ನಂಗೇನ್ ಗೊತ್ತವ್ವ? ಅವತ್ತು ಅಷ್ಟೇ ಕಂಡಿದ್ದು. ಈಗ ನೀನ್ ನೋಡ್ಬುಟ್ ಹೇಳು" ಎಂದು ಅವರು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ ಟೀವಿಯ ಕಡೆ ಮುಖ ಮಾಡಿದರು.

ಬಾಗಿಲು ತೆಗೆದೆ. ಎದುರಿಗೆ ಒಂದು ಕಾಲುವೆ ಇದೆ ಅತ್ತೆ ಎಂದೆ.

"ನೀರ್ ಬುಟ್ಟವ್ರಾ?"

ಬಿಟ್ಟಿದ್ದಾರೆ, ದಡದವರೆಗೂ ಇದೆ ಎಂದೆ. ಅತ್ತೆ ಸೀರೆಯ ನೆರಿಗೆ ಸ್ವಲ್ಪ ಮೇಲಕ್ಕೆತ್ತಿಕೊಂಡರು.