ಕಾಕಾನ ಸ್ಟಾಪಿನ ಡಬ್ಬಿಗಳು

ಮೊನ್ನೆ ನನ್ನ ಸ್ಕೂಟರು ಪಂಕ್ಚರ್ ಆಗಿ ರಸ್ತೆ ಬದಿಯ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಟ್ಯೂಬನ್ನು ತಿಕ್ಕಿ ಸೊಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಹೊಟ್ಟೆಕಿಚ್ಚು ಎದ್ದು ಕೂತಿತು. ಮುದುಕನಾದೆ, ಸಕ್ಕರೆ ಕಾಯಿಲೆ ಅಂಟಿತು, ಪುರಸಭೆಯ ಮೆಂಬರಗಿರಿ ಹೋಗಿ ಎಷ್ಟೋ ವರ್ಷವಾಯಿತು. ಇದೊಂದು ಮಾತ್ರ ನನ್ನನ್ನು ಬಿಟ್ಟು ಹೋಗಿಲ್ಲ.

ಅದು ನಮ್ಮ ಬಟ್ಟೆ ಅಂಗಡಿಯ ಎದುರಿಗಿದ್ದ ಸೈಕಲ್ ರಿಪೇರಿ ಕಾಕಾನ ಅಂಗಡಿಯ ವಾಸನೆ. ನಾಲ್ಕು ತಗಡು, ಒಂದು ಪಂಪು, ನೀರು ತುಂಬಿದ ಬೋಗುಣಿ... ಅಷ್ಟೇ ಅವನ ಅಂಗಡಿ. ಆದರೆ ಬೆಳಗ್ಗೆ ಒಂಬತ್ತಕ್ಕೆ ಸೊಲ್ಯೂಷನ್ ವಾಸನೆಯ ಜೊತೆಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿಯ ವಾಸನೆಯೂ ಬರುತ್ತಿತ್ತು. ನಮ್ಮೂರಲ್ಲಿ ರೂಮು ಹಿಡಿದು ಓದುವ ಮಕ್ಕಳಿಗೆ ಶಿರಗುಪ್ಪಿ, ಚಿಂಚಲಿ, ತೆಲಸಂಗದ ಕಡೆಯ ತಾಯಂದಿರು ಬುತ್ತಿ ಡಬ್ಬಿಯನ್ನು ಅರಿವೆಯಲ್ಲಿ, ಅಂದರೆ ಹಳೆಯ ಬಟ್ಟೆಯ ತುಂಡಿನಲ್ಲಿ, ಕಟ್ಟಿ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದರು. ಡ್ರೈವರು ಕಾಕಾನ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ ಡಬ್ಬಿಗಳನ್ನು ಕಿಟಕಿಯಿಂದ ಇಳಿಸುತ್ತಿದ್ದ. ಕಾಕಾ ಎಣ್ಣೆಗೈ ಒರೆಸಿಕೊಂಡು ಒಂದೊಂದನ್ನೇ ಮರದ ಹಲಗೆಯ ಮೇಲೆ ಜೋಡಿಸುತ್ತಿದ್ದ. ಯಾವ ಡಬ್ಬಿ ಯಾರದು ಎಂದು ಒಂದು ಚೀಟಿಯೂ ಇರಲಿಲ್ಲ, ಒಂದು ದಿನವೂ ತಪ್ಪುತ್ತಿರಲಿಲ್ಲ.

ಇದರಿಂದ ಅವನಿಗೆ ಸಿಗುತ್ತಿದ್ದುದೇನು? ಹಬ್ಬಕ್ಕೊಂದು ಹೋಳಿಗೆ, ಯಾರೋ ತಾಯಿ ಕಳಿಸಿದ ಉಪ್ಪಿನಕಾಯಿ. ಹಾಗೂ ಒಂದು ಹೆಸರು. ಬಸ್ಸಿನವರು, ಹಳ್ಳಿಯವರು ಎಲ್ಲರೂ ಆ ಜಾಗಕ್ಕೆ 'ಕಾಕಾನ ಸ್ಟಾಪ್' ಎನ್ನುತ್ತಿದ್ದರು. ಕಂಡಕ್ಟರು ನನ್ನ ಅಂಗಡಿಯ ಮುಂದೆಯೇ, "ಯಾರ್ರೀ ಕಾಕಾನ ಸ್ಟಾಪ್? ಇಳೀರಿ, ಇಳೀರಿ!" ಎಂದು ಕೂಗಿದಾಗ ನಾನು ಗಲ್ಲಾಪೆಟ್ಟಿಗೆಯನ್ನು ಧಡ್ಡನೆ ಮುಚ್ಚುತ್ತಿದ್ದೆ. ಎರಡು ಅಂತಸ್ತಿನ ಅಂಗಡಿ ನಮ್ಮದು, ನಮ್ಮಪ್ಪನ ಕಾಲದ್ದು. ಓಟು ಹಾಕಿಸಿಕೊಂಡು ಗೆದ್ದವನು ನಾನು. ಜನ ಮಾತ್ರ ಮಕ್ಕಳ ಊಟವನ್ನು ನಂಬಿ ಬಿಟ್ಟುಹೋಗುತ್ತಿದ್ದುದು ಅವನ ಹತ್ತಿರ. ನನಗೆ ಯಾರೂ ಒಂದು ಡಬ್ಬಿಯನ್ನೂ ಕೊಟ್ಟಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನನಗೆ ಅದೇ ಬೇಕಾಗಿತ್ತು.

ಆ ವರ್ಷ ಪುರಸಭೆಯಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಮಾಡುವುದಿತ್ತು. ಒಬ್ಬರು ಸಂತೆಗೆ ಕಟ್ಟೆ ಕೇಳಿದರು, ಇನ್ನೊಬ್ಬರು ಗಟಾರ ಎಂದರು. ನಾನು ಎದ್ದು ನಿಂತು ಸಾರಿಗೆ, ಅಭಿವೃದ್ಧಿ, ವ್ಯಾಪಾರ ಎಂದು ಮೂರು ದೊಡ್ಡ ಮಾತು ಹೇಳಿದೆ. ನಮ್ಮ ರಸ್ತೆ ಅಗಲವಾಗಬೇಕು, ಬಸ್ಸಿಗೆ ಒಂದು ತಂಗುದಾಣ ಬೇಕು, ಬಸ್ಸು ನಿಂತಲ್ಲಿ ವ್ಯಾಪಾರ ಬೆಳೆಯುತ್ತದೆ ಎಂದೆ. ಎಲ್ಲರೂ ಮೇಜು ಕುಟ್ಟಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸುಳ್ಳು ಇದ್ದದ್ದು ನಕ್ಷೆಯ ಗೆರೆಯಲ್ಲಿ. ಎಂಜಿನಿಯರು ಮೊದಲು ಎಳೆದ ಗೆರೆಗೆ ರಸ್ತೆಯ ಎರಡೂ ಬದಿ ಸಮನಾಗಿ ಹೋಗುತ್ತಿತ್ತು, ನನ್ನ ಅಂಗಡಿಯ ಮೆಟ್ಟಿಲುಗಳೂ ಹೋಗುತ್ತಿದ್ದವು. ಚಹಾ ಕುಡಿಸಿ, ಕೂತು ಮಾತಾಡಿ, ಆ ಗೆರೆಯನ್ನು ಕಾಕಾನ ಕಡೆಗೆ ಸರಿಸಿದೆ. ತಂಗುದಾಣ ನನ್ನ ಅಂಗಡಿಯ ಪಕ್ಕಕ್ಕೇ ಬಂತು, ಅದರ ಹಣೆಯ ಮೇಲೆ ನಮ್ಮಪ್ಪನ ಹೆಸರು ಕಲ್ಲಿನಲ್ಲಿ ಕೆತ್ತಿಸಿದೆ.

ತಗಡು ಕಿತ್ತ ದಿನ ಕಾಕಾ ಜಗಳವಾಡುತ್ತಾನೆ ಎಂದುಕೊಂಡಿದ್ದೆ. ಅವನು ಪಂಪನ್ನು ಸೈಕಲ್ಲಿಗೆ ಕಟ್ಟಿದ. ಆಮೇಲೆ ಆ ಮರದ ಹಲಗೆಯನ್ನು, ಅವತ್ತಿನ ಡಬ್ಬಿಗಳ ಸಮೇತ, ತಾನೇ ಹೊತ್ತು ರಸ್ತೆ ದಾಟಿ ತಂದು ತಂಗುದಾಣದಲ್ಲಿ ಇಟ್ಟ.

"ಮೆಂಬರ್ ಸಾಹೇಬ್ರ, ಇನ್ನ ಮ್ಯಾಲೆ ಇವನ್ನ ನೀವ ನೋಡ್ಕೋರಿ. ಮುಂದಿನ ಸಾಲು ಜೈನರ ಮನೀವು. ಅರಿವಿ ಮಾತ್ರ ಬಿಚ್ಚಬ್ಯಾಡ್ರಿ."

ನಾನು ತಲೆಯಾಡಿಸಿದೆ. ಒಳಗೊಳಗೇ ಹಿಗ್ಗಿದೆ. ಕೊನೆಗೂ ಡಬ್ಬಿಗಳು ನನ್ನ ಕಡೆಗೆ ಬಂದಿದ್ದವು!

ಮರುದಿನ ಬಸ್ಸು ಬಂತು, ಡ್ರೈವರು ಮುಖ ಗಂಟು ಹಾಕಿಕೊಂಡೇ ಡಬ್ಬಿ ಇಳಿಸಿದ. ಹಳೆಯ ಸೀರೆ, ಲುಂಗಿಯ ತುಂಡುಗಳಲ್ಲಿ ಕಟ್ಟಿದ ಗಂಟುಗಳು, ಎಣ್ಣೆಯ ಕಲೆಗಳು. ಹೊಸ ತಂಗುದಾಣದಲ್ಲಿ ಇದೇನು ಹೊಲಸು ಅನಿಸಿತು. ಕಾಕಾನಿಗಿಂತ ಚೆಂದ ಮಾಡಿ ತೋರಿಸಬೇಕು ಎಂಬ ಹಟ ಬೇರೆ. ಎಲ್ಲ ಅರಿವೆಗಳನ್ನು ಬಿಚ್ಚಿ, ಮಡಿಚಿ ಒಂದು ಕಡೆ ಇಟ್ಟೆ. ಡಬ್ಬಿಗಳನ್ನು ಒರೆಸಿ ಸಾಲಾಗಿ ಜೋಡಿಸಿ, ಒಂದು, ಎರಡು, ಮೂರು ಎಂದು ನಂಬರು ಅಂಟಿಸಿದೆ. ಎಂಥ ಶಿಸ್ತು! ಐದು ನಿಮಿಷ ದೂರ ನಿಂತು ನೋಡಿದೆ.

ಮಕ್ಕಳು ಬಂದರು, ನಿಂತರು, ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲವೂ ಒಂದೇ ನಮೂನೆಯ ಸ್ಟೀಲ್ ಡಬ್ಬಿ. ಗುರುತು ಇದ್ದದ್ದು ಡಬ್ಬಿಯಲ್ಲಲ್ಲ, ಅರಿವೆಯಲ್ಲಿ. ಒಬ್ಬ ತಾಯಿಯದು ಎರಡು ಗಂಟು, ಇನ್ನೊಬ್ಬಳದು ಮೂರು, ಮತ್ತೊಬ್ಬಳು ತುದಿಯನ್ನು ಒಳಕ್ಕೆ ಸಿಕ್ಕಿಸುತ್ತಿದ್ದಳು... ಕಾಕಾ ಅಷ್ಟನ್ನೂ ಕಣ್ಣಲ್ಲೇ ಓದುತ್ತಿದ್ದ. ನಾನು ಒಂದೇ ಬೆಳಗಿನಲ್ಲಿ ಎಲ್ಲ ಅಳಿಸಿಹಾಕಿದ್ದೆ.

ಶಿರಗುಪ್ಪಿಯ ಹುಡುಗಿಯೊಬ್ಬಳು, ಈರುಳ್ಳಿ ತಿನ್ನದ ಜೈನರ ಮನೆಯವಳು, ಅಂದಾಜಿನಲ್ಲಿ ಒಂದು ಡಬ್ಬಿ ತೆರೆದು ತಟ್ಟನೆ ಮುಚ್ಚಿದಳು.

"ಇದ್ರಾಗ ಉಳ್ಳಾಗಡ್ಡಿ ಐತ್ರಿ ಸಾಹೇಬ್ರ. ಇದು ನಂದಲ್ಲ. ಕಾಕಾನ ಕರೀರಿ, ಅವ್ರಿಗೆ ಗೊತ್ತಾಗ್ತೈತಿ."

ಕಾಕಾನ ಮನೆ ಎರಡು ಓಣಿ ಆಚೆಗಿತ್ತು. ಮಡಿಚಿಟ್ಟ ಅರಿವೆಗಳನ್ನು ತೋರಿಸಿದ್ದರೂ ಸಾಕಿತ್ತು, ಅವನು ಏನಾದರೂ ದಾರಿ ಹುಡುಕುತ್ತಿದ್ದ. ನಾನು ಕರೆಯಲಿಲ್ಲ. ಕರೆದಿದ್ದರೆ ಅವನೇ ಗೆದ್ದಂತಾಗುತ್ತಿತ್ತು. ಅವತ್ತು ಆ ಹುಡುಗಿಗೆ ಪರೀಕ್ಷೆಯಿತ್ತಂತೆ. ಉಪವಾಸವೇ ಹೋದಳು.

ಮರುದಿನ ಡಬ್ಬಿಗಳು ಅರ್ಧಕ್ಕಿಳಿದವು. ವಾರ ಕಳೆಯುವಷ್ಟರಲ್ಲಿ ಹಲಗೆ ಖಾಲಿ. ಮಕ್ಕಳು ಮೆಸ್ಸು ಹುಡುಕಿಕೊಂಡರು. ಕಾಕಾ ಮತ್ತೆ ಅಂಗಡಿ ಹಾಕಲಿಲ್ಲ. ದಾರಿಯಲ್ಲಿ ಎದುರಾದಾಗ "ಆರಾಮ ಅದೀರಿ?" ಎಂದು ಕೇಳುತ್ತಿದ್ದ, ನಾನು ಬೇರೆ ಕಡೆ ನೋಡುತ್ತಿದ್ದೆ. ಹಾಗೆಯೇ ಒಂದು ದಿನ ತೀರಿಹೋದ. ಅವನ ಮಣ್ಣಿಗೆ ಹೋದಾಗ ನೋಡಿದೆ, ಹಳ್ಳಿಗಳಿಂದ ಬಸ್ಸು ಹಿಡಿದು ಬಂದ ಹೆಂಗಸರು ಅಳುತ್ತಿದ್ದರು. ಅಲ್ಲಿಯೂ ನನಗೆ ಹೊಟ್ಟೆಕಿಚ್ಚೇ ಆಯಿತು.

ಮೊನ್ನೆ ಪಂಕ್ಚರ್ ಹಾಕುವವರೆಗೆ ಹೋಗಿ ಅದೇ ತಂಗುದಾಣದಲ್ಲಿ ಕೂತೆ. ಬಸ್ಸು ಬಂತು. ತೆಲಸಂಗದ ಹೆಣ್ಣುಮಗಳೊಬ್ಬಳು ಅರಿವೆ ಕಟ್ಟಿದ ಡಬ್ಬಿ ಹಿಡಿದು ಇಳಿದಳು.

"ಕಾಕಾನ ಸ್ಟಾಪ್ ಅಂದ್ರ ಇದ ಏನ್ರಿ?"

ತಲೆಯ ಮೇಲೆ ನಮ್ಮಪ್ಪನ ಹೆಸರಿತ್ತು. "ಹೌದ್ರಿ, ಇದ" ಎಂದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು.

"ಮಗಳ ಮೆಸ್ ಇವತ್ತ ಬಂದ್ ಐತ್ರಿ. ನಮ್ಮಕ್ಕ ಹಿಂದ ಇಲ್ಲೇ ಓದ್ಯಾಳ. ಡಬ್ಬಿ ಕಾಕಾನ ಕಡೆ ಬಿಟ್ಟ ಬಾ, ಅಂವ ಮುಟ್ಟಸ್ತಾನ ಅಂದ್ಲು. ಕಾಕಾ ಎಲ್ಲದಾರ್ರಿ?"

"ಅವ್ರು ತೀರ್ಕೊಂಡು ಭಾಳ ವರ್ಷಾತವ್ವಾ..." ಎಂದೆ. ಆಮೇಲೆ ನನಗೇ ತಿಳಿಯದಂತೆ ಕೈ ಚಾಚಿದ್ದೆ. "ಕೊಡು. ನಾ ಮುಟ್ಟಸ್ತೀನಿ. ಅರಿವಿ ಬಿಚ್ಚೂದಿಲ್ಲ."

ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು.

"ಇರ್ಲಿ ಬಿಡ್ರಿ, ನಾನ ಕೇಳ್ಕೋತ ಹೋಗ್ತೀನಿ" ಎಂದು ಬಿಸಿಲಿಗೆ ಇಳಿದು ನಡೆದಳು.